ಓವರ್ ಕೊಡೋದು ಅಂದ್ರೆ ಮರ್ಯಾದೆ ತೆಗೆಯೋದಲ್ಲ

ಇವತ್ತು ಮಧ್ಯಾಹ್ನ ಎರಡು ಗಂಟೆಯ ಓವರ್, ಅಂದರೆ ಒಂದು ಪಾಳಿಯ ನರ್ಸ್ ಮುಂದಿನ ಪಾಳಿಯವಳಿಗೆ ಪೇಷಂಟ್‌ಗಳನ್ನು ಒಪ್ಪಿಸೋ ಹೊತ್ತು. ಮುಂಬೈ ಉಪನಗರದ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಟ್ರಾಲಿ ಮುಂದೆ ನಿಂತ ಹುಡುಗಿ ವಿಜಯಪುರ ಕಡೆಯವಳು, ಸೇರಿ ಮೂರು ವಾರ. ಕೈಯಲ್ಲಿ ಇನ್ಸುಲಿನ್ ವಯಲ್, ಅಂದರೆ ಔಷಧದ ಪುಟ್ಟ ಸೀಸೆ. "ಸಿಸ್ಟರ್, ಇದಕ್ಕ ಯಾವ ಸಿರಿಂಜ್?" ಅಂದಳು. ಸೀನಿಯರ್ ಸಿಸ್ಟರೂ ನಮ್ಮ ಕಡೆಯವರೇ. "ಏನವಾ, ಕಾಲೇಜಿನ್ಯಾಗ ಏನ್ ಕಲಿಸ್ಯಾರ ನಿನಗ? ಬರೇ ರೀಲ್ಸ್ ಮಾಡೂದೇನ?" ಅಷ್ಟಕ್ಕೆ ಬಿಡಲಿಲ್ಲ. ಪಕ್ಕದ ಮರಾಠಿ ಸಿಸ್ಟರ್‌ಗೂ ತಿಳಿಯಲಿ ಅಂತ ಹಿಂದಿಯಲ್ಲಿ ಇನ್ನೊಂದು ಸುತ್ತು. ವಾರ್ಡಿನ ಆಯಾ, ಇಲ್ಲಿಯ ಮಾತಲ್ಲಿ ಮಾವ್ಶಿ, ನಕ್ಕಳು. ಐದನೇ ಬೆಡ್ಡಿನ ಪೇಷಂಟ್‌ನ ಮಗ ಮೊಬೈಲಿಂದ ತಲೆಯೆತ್ತಿ ನೋಡಿದ.

ಉತ್ತರ ಮಾತ್ರ ಯಾರೂ ಕೊಡಲಿಲ್ಲ.

ಉತ್ತರ ಇಷ್ಟೇ. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಎರಡು ಬಗೆ: ಮಿಲಿಗೆ 40 ಯುನಿಟ್‌ದು, 100 ಯುನಿಟ್‌ದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 100ರ ವಯಲ್ಲಿಗೆ ಕೆಂಪು ಸಿರಿಂಜ್ ಹಾಕಿ 10ರ ಗೆರೆವರೆಗೆ ಎಳೆದರೆ ಬರೋದು ಕಾಲು ಮಿಲಿ, ಅಂದರೆ 25 ಯುನಿಟ್. ಎರಡೂವರೆ ಪಟ್ಟು. ಸಂಜೆ ಹೊತ್ತಿಗೆ ರಕ್ತದ ಸಕ್ಕರೆ ಇಳಿದು ಪೇಷಂಟ್ ಬೆವರಿ ತೊಯ್ದು, ಮಾತು ತೊದಲಿದಾಗ ಎಲ್ಲರೂ ಗ್ಲುಕೋಮೀಟರ್ ಹುಡುಕುತ್ತಾ ಓಡಬೇಕು. "ಕೆಂಪು ನಲವತ್ತು, ಕಿತ್ತಳೆ ನೂರು" ಅನ್ನೋದಕ್ಕೆ ಮೂರು ಸೆಕೆಂಡ್. ಬೈಗುಳಕ್ಕೆ ಹಿಡಿದದ್ದು ಒಂದೂವರೆ ನಿಮಿಷ. ಟೈಮ್ ಇಲ್ಲ ಅನ್ನೋರಿಗೆ ಬೈಯೋಕೆ ಎಲ್ಲಿಂದ ಟೈಮ್ ಬಂತೋ!

ನನ್ನನ್ನು ಬಲ್ಲವರಿಗೆ ಗೊತ್ತು, ವಾರ್ಡಿಗೆ ಕಾಲಿಟ್ಟರೆ ನನ್ನ ಕಣ್ಣು ಮೊದಲು ಹೋಗೋದು ಸಿರಿಂಜಿನಿಂದ ಔಷಧ ನಿಧಾನಕ್ಕೆ ತಳ್ಳೋ ಪಂಪ್ ಮೇಲೆ. ಬಿಪಿ ಬೀಳದಂತೆ ಹಿಡಿದಿಡೋ ನಾರ್‌ಅಡ್ರಿನಲಿನ್ ಗಂಟೆಗೆ 5 ಮಿಲಿ ಓಡುತ್ತಿದೆ, ಸಿರಿಂಜಿನಲ್ಲಿ ಉಳಿದಿರೋದು 4 ಮಿಲಿ ಅಂದುಕೊಳ್ಳಿ. ನಲವತ್ತೆಂಟು ನಿಮಿಷದಲ್ಲಿ ಖಾಲಿ. ಇದು ಓವರ್‌ನಲ್ಲಿ ಬಾಯಿಬಿಟ್ಟು ಹೇಳಬೇಕಾದ ಮಾತು, ಮುಂದಿನ ಸಿರಿಂಜ್ ತುಂಬಿ ಲೇಬಲ್ ಹಚ್ಚಿ ಇಟ್ಟಿರಬೇಕು. ಕೊಡುವವಳಿಗೂ ತೆಗೆದುಕೊಳ್ಳುವವಳಿಗೂ ಮಾತಿಲ್ಲದಿದ್ದರೆ "ಎಲ್ಲಾ ಫೈಲ್‌ನಲ್ಲಿದೆ, ನೋಡ್ಕೋ" ಅಂತ ಪರ್ಸ್ ಎತ್ತಿಕೊಂಡು ಲೋಕಲ್ ಹಿಡಿಯೋಕೆ ಓಟ. ಬಂದವಳು ಒಂದೊಂದೇ ಫೈಲ್ ಬಿಡಿಸುವಷ್ಟರಲ್ಲಿ ಬಿಪಿ ಪಾತಾಳಕ್ಕೆ. ಆಮೇಲೆ ಇನ್ಸಿಡೆಂಟ್ ರಿಪೋರ್ಟ್ ಬರೀತಾರೆ, ಅದರಲ್ಲಿ "ಇಬ್ಬರೂ ಮಾತಾಡಲ್ಲ" ಅನ್ನೋ ಕಾಲಮ್ ಇರೋದಿಲ್ಲ.

1999ರಲ್ಲಿ ಆಂಡರ್ಸನ್ ಮತ್ತು ಪಿಯರ್ಸನ್ ಅನ್ನೋ ಸಂಶೋಧಕರು ಕೆಲಸದ ಜಾಗದ ಈ ಅಸಭ್ಯತೆಯನ್ನು ವಿವರಿಸುವಾಗ ಒಂದು ಮುಖ್ಯ ಗುರುತು ಕೊಟ್ಟರು: ನೋಯಿಸುವ ಉದ್ದೇಶ ಇದೆಯೋ ಇಲ್ಲವೋ ಸ್ಪಷ್ಟವಾಗಿ ಗೊತ್ತಾಗಬಾರದು. ಎಷ್ಟು ನಿಜ ನೋಡಿ. ವಾರ್ಡ್ ಗ್ರೂಪಿನಲ್ಲಿ ಮೆಸೇಜು: "ಆರನೇ ಬೆಡ್ ಕ್ಯಾನುಲಾ (ಕೈಗೆ ಚುಚ್ಚಿಟ್ಟ ಡ್ರಿಪ್ ನಳಿಗೆ) ಮೇಲೆ ಡೇಟ್ ಇಲ್ಲ. ಡ್ಯೂಟಿ ಯಾರದಿತ್ತು?" ಯಾರದಿತ್ತು ಅಂತ ಕಳಿಸಿದವಳಿಗೂ ಗೊತ್ತು, ಓದಿದ ಮೂವತ್ತು ಜನಕ್ಕೂ ಗೊತ್ತು. ಹೊಸಬಳು ಬಂದ ಕೂಡಲೇ ಭಾಷೆ ಬದಲಾಯಿಸೋದು. ಅವಳು ಕೇಳಿದ ಆಫ್ ದಿನವೇ ಡ್ಯೂಟಿ ಲಿಸ್ಟಿನಲ್ಲಿ ನೈಟ್ ಬೀಳೋದು. ಕಂಪ್ಲೇಂಟ್ ಏನಂತ ಬರೀತೀರಿ? "ಸಿಸ್ಟರ್ ಕಣ್ಣು ತಿರುಗಿಸಿದರು" ಅಂತಲೇ? "ನಾನೆಲ್ಲಿ ಏನಂದೆ?" ಅಂದುಬಿಟ್ಟರೆ ಮುಗೀತು.

ಭಾಷೆ ವಿಷಯದಲ್ಲಿ ಮಲಯಾಳಿಗಳನ್ನು, ಮರಾಠಿಗರನ್ನು ದೂರುವ ಮೊದಲು ನಮ್ಮ ಕಡೆಗೂ ನೋಡಿಕೊಳ್ಳೋಣ. ಮಣಿಪುರದ ಹುಡುಗಿ ಹತ್ತಿರ ಬಂದಾಗ ಕನ್ನಡಕ್ಕೆ ಜಾರಿ ನಗುವ ಚಟ ನಮಗೂ ಇದೆ. ನನಗೂ ಇತ್ತು. ಸುಳ್ಳು ಯಾಕೆ ಹೇಳಲಿ.

"ಮ್ಯಾಡಂ, ಸ್ಟಾಫೇ ಇಲ್ಲ, ತಲೆ ಕೆಟ್ಟಿರತ್ತೆ" ಅಂತ ಕಾಮೆಂಟ್ ಬರತ್ತೆ, ಗೊತ್ತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಐಸಿಯುಗೆ ಒಬ್ಬ ಪೇಷಂಟ್‌ಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದಕ್ಕೆ ಒಬ್ಬಳು. ಅದು ಕಾಗದದ ಮೇಲೆ, ಒಪ್ಪಿದೆ. ಆದರೆ ಕೈ ಕಡಿಮೆ ಇದ್ದಾಗಲೇ ಅಲ್ಲವೇ ಪಕ್ಕದವಳ ಬಾಯಿ ಬೇಕಾಗೋದು? "ನಾವೂ ಹೀಗೇ ಬೈಸಿಕೊಂಡು ಕಲಿತದ್ದು" ಅನ್ನೋರಿಗೆ ಉತ್ತರ ಕೊಡೋಕೂ ಬೇಜಾರು. ಸ್ಟ್ರಿಕ್ಟ್ ಆಗಿರೋದು ಅಂದರೆ ತಪ್ಪು ಸಿರಿಂಜ್ ಎತ್ತಿದ ಕೈ ಹಿಡಿದು ನಿಲ್ಲಿಸೋದು. ಕೇಳಿದವಳ ಬಾಯಿ ಮುಚ್ಚಿಸೋದಲ್ಲ.

ಇನ್ನು ನಮ್ಮ ಕಸುಬಿಗೇ ಕರುಳಿಲ್ಲ ಅಂತ ಯಾರಾದರೂ ಅಂದರೆ ನಾನು ಸುಮ್ಮನಿರಲ್ಲ. ಹಲ್ಲೆಗೊಳಗಾಗಿ ಹಾಸಿಗೆ ಹಿಡಿದ ನರ್ಸ್, ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗರನ್ನು 1973ರಿಂದ 2015ರವರೆಗೆ ಇದೇ ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್‌ಗಳು ನೋಡಿಕೊಂಡರು. ಸಹೋದ್ಯೋಗಿ ಅನ್ನೋ ಒಂದೇ ಸಂಬಂಧಕ್ಕೆ, ಆಕೆ ಎದ್ದು ಓಡಾಡಿದ್ದನ್ನು ಕಂಡೇ ಇರದ ತಲೆಮಾರಿನವರೂ ಸೇರಿ, ಉಣಿಸಿದರು, ತೊಳೆದರು, ಮಗ್ಗುಲು ಹೊರಳಿಸಿದರು. ಅಂಥ ಕಸುಬಿನವರಿಗೆ ಎದ್ದು ಓಡಾಡುವ ಸಹೋದ್ಯೋಗಿಗೆ ಒಂದು ಸಿರಿಂಜಿನ ಬಣ್ಣ ಹೇಳೋಕೆ ಯಾಕಿಷ್ಟು ಕಷ್ಟ?

ದಾರಿ ಇದೆ, ದುಬಾರಿಯೂ ಅಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ನರ್ಸ್ ಸಂಶೋಧಕಿ ಮಾರ್ಥಾ ಗ್ರಿಫಿನ್ 26 ಹೊಸ ನರ್ಸ್‌ಗಳಿಗೆ ಐಡಿ ಕಾರ್ಡ್ ಜೊತೆ ಇಟ್ಟುಕೊಳ್ಳೋಕೆ ಸಣ್ಣ ಚೀಟಿ ಕೊಟ್ಟರು. ಯಾರಾದರೂ ಮುಖ ಸಿಂಡರಿಸಿದರೆ ಏನನ್ನಬೇಕು ಅನ್ನೋ ಸಿದ್ಧ ಮಾತುಗಳು. ನಮ್ಮಲ್ಲಾದರೆ ಹೀಗನ್ನಬಹುದು: "ಸಿಸ್ಟರ್, ಏನೋ ಹೇಳಬೇಕು ಅನ್ನೋ ಹಾಗಿದೆ, ನನಗೇ ನೇರ ಹೇಳಿ." ಬಾಯಿಪಾಠ ಆಗೋವರೆಗೆ ಗಟ್ಟಿಯಾಗಿ ಹೇಳಿಸಬೇಕು, ಸಿಟ್ಟು ಬಂದಾಗ ಹೊಸ ಮಾತು ಹುಟ್ಟೋದಿಲ್ಲ. ಓವರ್ ಕೌಂಟರ್ ಹತ್ತಿರ ಬೇಡ, ಬೆಡ್ ಪಕ್ಕದಲ್ಲೇ ಆಗಲಿ: ಲೈನ್ ಯಾವುದು, ಹಾಕಿದ ದಿನ, ಪಂಪಿನಲ್ಲಿ ಎಷ್ಟು ಮಿಲಿ ಉಳಿದಿದೆ, ಯಾವ ರಿಪೋರ್ಟ್ ಬಾಕಿ. ಕೊನೆಗೆ "ಏನಾದರೂ ಕೇಳೋದಿದೆಯಾ?" ಅಂತ ಕೊಡುವವಳೇ ಕೇಳಬೇಕು. ಇನ್‌ಚಾರ್ಜ್ ಅಲ್ಲೇ ನಿಂತಿರಬೇಕು, ಸಾಮಾನು ತರಿಸೋ ಇಂಡೆಂಟ್ ಬುಕ್ ಆಮೇಲೆ ಬರೆದರಾಯಿತು.

ಮ್ಯಾನೇಜ್ಮೆಂಟಿಗೆ ಇದೆಲ್ಲ ಕಾಣಲ್ಲ. ಬಿಟ್ಟು ಹೋಗೋ ಹುಡುಗಿ ಫಾರ್ಮಿನಲ್ಲಿ "ವೈಯಕ್ತಿಕ ಕಾರಣ" ಅಂತ ಬರೀತಾಳೆ. ಸಂಬಳ ಸಾಲಲಿಲ್ಲ ಅಂದುಕೊಂಡು ಇವರು ಇಷ್ಟು ದಿನ ಬಿಟ್ಟು ಹೋಗಬಾರದು ಅನ್ನೋ ಹೊಸ ಬಾಂಡ್ ಟೈಪ್ ಮಾಡಿಸ್ತಾರೆ. ಸಂಬಳ ಸಾಲಲ್ಲ, ನಿಜ. ಆದರೆ ಸೇರುವಾಗಲೂ ಅದು ಅಷ್ಟೇ ಇತ್ತಲ್ಲ.

ಸಿರಿಂಜಿನ ವಿಷಯ ಕೊನೆಗೆ ಅವಳನ್ನು ಪಕ್ಕಕ್ಕೆ ಕರೆದು ನಾನೇ ಹೇಳಿದೆ. ಅಂಗೈ ಹಿಂಭಾಗದಲ್ಲಿ ಪೆನ್ನಿಂದ ಬರೆದುಕೊಂಡಳು: ಕೆಂಪು 40, ಕಿತ್ತಳೆ 100. ಎಕ್ಸ್‌ಪೀರಿಯನ್ಸ್ ಲೆಟರ್‌ಗೆ ಎರಡು ವರ್ಷ ಬೇಕಂತೆ, "ಇನ್ನ ಇಪ್ಪತ್ಮೂರು ತಿಂಗಳ ಐತ್ರಿ ಮ್ಯಾಡಂ" ಅಂದಳು. ಮೂರು ವಾರಕ್ಕೇ ಲೆಕ್ಕ ಹಾಕಿಟ್ಟಿದ್ದಾಳೆ.