ಅರವತ್ತು ಮಕ್ಕಳು, ಅರವತ್ತು ನದಿ

ಎತ್ತಿನಹೊಳೆ ನೀರನ್ನು ಬಯಲುಸೀಮೆಗೆ ಹರಿಸಲು ಸರ್ಕಾರ ಪಟ್ಟ ಪಾಡು ನಮ್ಮ ಹಾಸನ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. 2014ರಲ್ಲಿ 12,912 ಕೋಟಿ ಅಂದರು. ಆಮೇಲೆ ಅದೇ 23,251 ಕೋಟಿ ಆಯಿತು. 2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಪೈಪು, ಕಾಲುವೆ, ಪರಿಹಾರ, ಧರಣಿ ಎಲ್ಲ ಕಣ್ಣಾರೆ ಕಂಡಿದ್ದೇವೆ. ಇಷ್ಟೆಲ್ಲ ಒದ್ದಾಡುವ ಬದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅರಸೀಕೆರೆ ಕಡೆಗೆ ನದಿ ತರುವ ವಿದ್ಯೆ ಪದವಿ ಮೊದಲ ವರ್ಷದ ಗೈಡಿನಲ್ಲಿದೆ. ಬೆಲೆ 120 ರೂಪಾಯಿ. ಎರಡು ತಗೊಂಡರೆ ಅಂಗಡಿಯವನು ಹತ್ತು ರೂಪಾಯಿ ಬಿಡುತ್ತಾನೆ.

ನನಗೆ ಇದು ಗೊತ್ತಾಗಿದ್ದು ತಂಗಿ ಮಗಳಿಂದ. ಅವಳ ಊರು ಅರಸೀಕೆರೆ ತಾಲೂಕಿನ ಒಂದು ಹಳ್ಳಿ. ಹಾಸನದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಬಿಎ ಮಾಡುತ್ತಿದ್ದಾಳೆ. ಶನಿವಾರ ಸಂಜೆ ರೈಲು ಹತ್ತಿ ಊರಿಗೆ ಹೋಗುತ್ತಾಳೆ, ಸೋಮವಾರ ಒಂದು ಚೀಲ ತೆಂಗಿನಕಾಯಿ ಹೊತ್ತು ಬರುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಅವರಿಗೆ ಬರವಣಿಗೆ ಕಲಿಸುವ ಪಾಠ ಇದೆ. ಪ್ರಬಂಧ, ಪತ್ರ, ಸಂಕ್ಷೇಪ, ವರದಿ. ಹೆಸರು ಕೇಳಿ ಖುಷಿಯಾಯಿತು. ನಾಲ್ಕು ಸಾಲು ನೆಟ್ಟಗೆ ಬರೆಯಲು ಕಲಿತರೆ ಒಳ್ಳೆಯದೇ ಅಲ್ವಾ?

ಮೊದಲ ಟೆಸ್ಟಿಗೆ 'ನನ್ನ ಊರು' ಅಂತ ಪ್ರಬಂಧ ಕೊಟ್ಟಿದ್ದರು. ಈ ಹುಡುಗಿ ಗೈಡು ನೋಡಿರಲಿಲ್ಲ, ಪಾಪ. ಹಾಗಾಗಿ ತನ್ನ ಊರಿನ ಬಗ್ಗೆ ಬರೆದುಬಿಟ್ಟಿದ್ದಳು.

ನಾನು ಆ ಹಾಳೆ ಓದಿದ್ದೇನೆ. ಶುರುವಾಗುವುದೇ ಅಟ್ಟದಿಂದ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಆಗಿದೆಯೋ ಇಲ್ಲವೋ ನೋಡಲು ಅವಳ ಅಜ್ಜಿ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಡಲೊಡ ಅಂದರೆ ಆಯಿತು. 'ಅಜ್ಜಿಗೆ ಈಗ ಎಡಗಿವಿ ಕೇಳುವುದಿಲ್ಲ, ಆದರೂ ಕೊಬ್ಬರಿ ಮಾತ್ರ ಎಡಗಿವಿಗೇ ಹಿಡಿಯುತ್ತಾರೆ' ಅಂತ ಬರೆದಿದ್ದಳು. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇದ್ದದ್ದು, ಅಪ್ಪ ದಿನಾ ರಾತ್ರಿ ಮೊಬೈಲಿನಲ್ಲಿ ಮಾರುಕಟ್ಟೆ ರೇಟು ನೋಡಿ ಏನೂ ಮಾತಾಡದೆ ಮಲಗುತ್ತಿದ್ದದ್ದು, ಮೂರನೇ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದದ್ದು, ಎಲ್ಲ ಇತ್ತು. ಇಪ್ಪತ್ತೈದು ವರ್ಷದಿಂದ ಪತ್ರಿಕೆಗೆ ಬರೆಯುತ್ತಿರುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹತ್ತಕ್ಕೆ ಮೂರೂವರೆ ಬಂದಿತ್ತು.

ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ತೀರ್ಪು: 'ಪೀಠಿಕೆ ಇಲ್ಲ. ಪ್ರಕೃತಿ ವರ್ಣನೆ ಇಲ್ಲ. ವಿಷಯಾಂತರ.' ಅಜ್ಜಿಯ ಎಡಗಿವಿಯ ಸಾಲಿಗೆ ಅಡ್ಡಗೀಟು.

ಪಕ್ಕದಲ್ಲಿ ಕೂರುವ ಹುಡುಗಿಗೆ ಎಂಟು. ಅವಳ ಊರಲ್ಲಿ ನದಿ ಇತ್ತು. 'ನಮ್ಮ ಊರಿನ ಪಕ್ಕದಲ್ಲಿ ಜುಳುಜುಳು ಎಂದು ನದಿ ಹರಿಯುತ್ತದೆ. ಅದರ ದಡದಲ್ಲಿ ಪುರಾತನ ದೇವಾಲಯವಿದೆ. ಜನರು ಸೌಹಾರ್ದದಿಂದ ಬಾಳುತ್ತಾರೆ.' ಹಿಂದಿನ ಬೆಂಚಿನ ಹುಡುಗನಿಗೂ ಎಂಟು, ಅವನ ಊರಲ್ಲೂ ಅದೇ ಜುಳುಜುಳು. ಹೀಗೆ ತರಗತಿಯಲ್ಲಿ ಅರವತ್ತು ಮಕ್ಕಳು, ಗೈಡು ನೋಡದ ನಮ್ಮ ಹುಡುಗಿಯೊಬ್ಬಳನ್ನು ಬಿಟ್ಟರೆ ಎಲ್ಲರ ಊರಲ್ಲೂ ನದಿ. ಗೊರೂರಿನ ಹುಡುಗ ಬರೆದರೆ ಒಪ್ಪಿಕೊಳ್ಳೋಣ, ಹೇಮಾವತಿ ಇದ್ದಾಳೆ. ಅರಸೀಕೆರೆ ಕಡೆಯವರೂ ಅದನ್ನೇ ಬರೆದರೆ? ಊರಿನ ಹೆಸರಲ್ಲೇ ಅರಸಿ ಇದ್ದಾಳೆ, ಕೆರೆ ಇದೆ. ಮನೆ ಮುಂದೆ ನದಿ ಜುಳುಜುಳು ಅನ್ನುತ್ತಿದ್ದರೆ ಆಯಮ್ಮ ಕೆರೆ ಕಟ್ಟಿಸುವ ತಾಪತ್ರಯಕ್ಕೆ ಯಾಕೆ ಬೀಳುತ್ತಿದ್ದಳು?

ಮೇಷ್ಟ್ರನ್ನು ಬೈಯುವ ಹಾಗಿಲ್ಲ. ಅವರು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆಯಿಂದ ಅತಿಥಿಯಾಗಿಯೇ ಇದ್ದಾರೆ. ನಮ್ಮ ಮನೆಗೆ ಅಷ್ಟು ದಿನ ಅತಿಥಿ ಬಂದಿದ್ದರೆ ರೇಷನ್ ಕಾರ್ಡಿಗೆ ಹೆಸರು ಸೇರಿಸುತ್ತಿದ್ದೆವು. 2021ರಲ್ಲಿ ಪದವಿ ನಾಲ್ಕು ವರ್ಷ ಆಯಿತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಪಠ್ಯ ಬದಲಾಯಿತು, ಅಂಕದ ಲೆಕ್ಕ ಬದಲಾಯಿತು. ಬದಲಾಗದೆ ಉಳಿದದ್ದು ಆ ನದಿ ಒಂದೇ. ಅರವತ್ತು ಹಾಳೆಯನ್ನು ಒಂದು ರಾತ್ರಿಯಲ್ಲಿ ತಿದ್ದುವವರಿಗೆ ನದಿ ಇದ್ದರೆ ಎಷ್ಟು ಅನುಕೂಲ ನೋಡಿ. ಕಂಡ ತಕ್ಷಣ ಎಂಟು.

ಪತ್ರ ಲೇಖನದ ಕಥೆ ಇನ್ನೊಂದು. 'ನಿಮ್ಮ ಬಡಾವಣೆಯ ಬೀದಿ ದೀಪ ಸರಿಪಡಿಸುವಂತೆ ಕೋರಿ ಅರ್ಜಿ ಬರೆಯಿರಿ.' ನಾನು ಓದುವಾಗಲೂ ಇದೇ ಪ್ರಶ್ನೆ ಇತ್ತು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳು ಆ ಅರ್ಜಿ ಬರೆದಿದ್ದಾರೋ. ತಂಗಿ ಮಗಳ ಕಾಲೇಜಿನ ಗೇಟಿನ ಮುಂದಿನ ದೀಪ ಮಾತ್ರ ಈಗಲೂ ಉರಿಯುವುದಿಲ್ಲ. ಒಬ್ಬರೂ ಪೋಸ್ಟ್ ಮಾಡಲಿಲ್ಲ, ಅಷ್ಟೇ.

ನಮ್ಮ ಪಕ್ಕದ ಮನೆ ಹುಡುಗ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೂ ಮೊದಲ ವರ್ಷ ಬರವಣಿಗೆ ಪಾಠ ಕಡ್ಡಾಯವಂತೆ. ಅಲ್ಲಿ ಇದು ಹಳೇ ರೋಗ. ಹಾರ್ವರ್ಡಿನವರು 1874ರಲ್ಲೇ ಪ್ರವೇಶ ಪರೀಕ್ಷೆಗೆ ಒಂದು ಸಣ್ಣ ಪ್ರಬಂಧ ಬರೆಸಲು ಶುರು ಮಾಡಿದರು. ಮಕ್ಕಳ ಇಂಗ್ಲಿಷ್ ನೋಡಿ ತಲೆ ಮೇಲೆ ಕೈ ಹೊತ್ತರು. 1885ರಿಂದ ಮೊದಲ ವರ್ಷದವರಿಗೆ ಬರವಣಿಗೆಯನ್ನೇ ಒಂದು ಪಾಠ ಮಾಡಿದರು. ಅಲ್ಲೂ ಐದು ಪ್ಯಾರಾದ ಅಚ್ಚು ಇದೆಯಂತೆ, ಪೀಠಿಕೆ ಒಂದು, ಒಡಲು ಮೂರು, ಉಪಸಂಹಾರ ಒಂದು. ಕೇಳಿ ಸಮಾಧಾನವಾಯಿತು. ಆದರೆ ಒಂದೇ ಪ್ರಬಂಧವನ್ನು ಮೂರು ಸಲ ತಿದ್ದಿ ಬರೆಸುತ್ತಾರಂತೆ, ಮಕ್ಕಳು ಒಬ್ಬರದ್ದು ಒಬ್ಬರು ಓದಿ ತಪ್ಪು ಹೇಳಬೇಕಂತೆ. ಅಂದರೆ ಮುದ್ದೆ ಕಟ್ಟುವ ಅಳತೆ ಅವರದ್ದು, ಹಿಟ್ಟು ಮಾತ್ರ ಅವರವರ ಮನೆಯದ್ದು. ನಮ್ಮಲ್ಲಿ ಹಿಟ್ಟೂ ಗೈಡಿನದ್ದೇ.

ಇದರ ನಡುವೆ ನನಗೊಂದು ಅಧಿಕಪ್ರಸಂಗದ ಯೋಚನೆ ಬಂತು. ಕನ್ನಡದ ಅತಿ ಹಳೆಯ ಶಾಸನ ಅಂತ ಬಹಳ ಜನ ಹೇಳುವ ಕಲ್ಲು ಸಿಕ್ಕಿದ್ದು ನಮ್ಮದೇ ಜಿಲ್ಲೆಯಲ್ಲಿ, ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ, 1936ರಲ್ಲಿ. ಕಾಲ ಸುಮಾರು ಕ್ರಿ.ಶ. 450. ಅದನ್ನು ಈ ಟೆಸ್ಟಿಗೆ ಕೂರಿಸಿದರೆ ಎಷ್ಟು ಬರಬಹುದು? ಪೀಠಿಕೆಗೆ ವಿಷ್ಣು ಸ್ತುತಿ ಇದೆ, ಒಂದು ಅಂಕ ಕೊಡೋಣ. ಆಮೇಲೆ ನೇರವಾಗಿ ಯುದ್ಧ, ಗೆದ್ದ ವೀರ, ಅವನಿಗೆ ಬಿಟ್ಟುಕೊಟ್ಟ ಹಳ್ಳಿ. ಪ್ರಕೃತಿ ವರ್ಣನೆ ಸೊನ್ನೆ. ನದಿ ಇಲ್ಲ. ಸೌಹಾರ್ದ ಮೊದಲೇ ಇಲ್ಲ. ಒಟ್ಟು ಹದಿನಾರೇ ಸಾಲು, ಕೇಳಿದ್ದು 300 ಪದ. ಮೂರು ಅಂಕ, ಅದೂ ಕೈಬರಹಕ್ಕೆ. ಆದರೆ ಕೊನೆಕೊನೆಗೆ ಬರೆದವನು ಒಂದು ಎಚ್ಚರಿಕೆ ಕೊಟ್ಟಿದ್ದಾನೆ, ಇದನ್ನು ಅಳಿಸಿದವನಿಗೆ ಮಹಾಪಾತಕ ಅಂತ. ಕೆಂಪು ಶಾಯಿ ಅವನ ಕಾಲದಲ್ಲೂ ಇತ್ತೋ ಏನೋ.

ತಂಗಿ ಮಗಳು ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ 120 ರೂಪಾಯಿ ಕೊಟ್ಟು ಬಂದಳು. "ಮಾವ, ಸೆಮಿಸ್ಟರ್ ಪರೀಕ್ಷೇಲಿ ನಾನೂ ನದಿ ಬಿಡ್ತೀನಿ" ಅಂದಳು. ಬಿಟ್ಟಳು. ಸುಮ್ನೆ ನದಿ ಅಲ್ಲ, ದೋಣಿ, ದಡದಲ್ಲಿ ನವಿಲು, ಸೂರ್ಯಾಸ್ತ, ಎರಡೂ ದಡಕ್ಕೆ ಹಸಿರು ಗದ್ದೆ. ಪ್ರಬಂಧದ್ದು ಪೂರ್ತಿ ಅಂಕ ಬಂದಿರಬೇಕು, ಭಾಷೆಯಲ್ಲಿ ತರಗತಿಗೇ ಅವಳದ್ದು ಜಾಸ್ತಿ.

ಆ ಶನಿವಾರ ಊರಿಗೆ ಹೋದಾಗ ಅಜ್ಜಿಗೆ ಅದನ್ನು ಬಾಯಿಪಾಠ ಒಪ್ಪಿಸಿದಳಂತೆ. ಅಜ್ಜಿ ಬಲಗಿವಿ ಕೊಟ್ಟು ಪೂರ್ತಿ ಕೇಳಿದರಂತೆ. ಆಮೇಲೆ ಕೈಯಲ್ಲಿದ್ದ ಕಾಯಿ ಪಕ್ಕಕ್ಕಿಟ್ಟು ಅಪ್ಪನನ್ನು ಕರೆದರಂತೆ.

"ಯಾವೂರೋ ಅದು, ನೀರು ಚೆಂದಾಗೈತೆ. ಆ ಕಡೆ ಯಾವುದಾದ್ರೂ ಗಂಡು ಇದ್ರೆ ನೋಡು, ಇವಳನ್ನ ಅಲ್ಲಿಗೇ ಕೊಡಾನ."