ಟವರ್ ತರಲು ಗ್ರಾಮ ಪಂಚಾಯ್ತಿಯೇ ಮುಂದಾಗಬೇಕೆ?

ಪರ: ಕಾದು ಕೂತರೆ ಸಿಗ್ನಲ್ ಬರುವುದಿಲ್ಲ

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ ನೆಟ್‌ವರ್ಕ್ ಬೇಕು. ಬೆಳೆ ಸಮೀಕ್ಷೆಗೆ ಆ್ಯಪ್ ಬೇಕು. ನರೇಗಾ ಕೂಲಿಕಾರರ ಹಾಜರಿಯನ್ನು 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಎಲ್ಲ ಕೆಲಸದ ಜಾಗಗಳಲ್ಲೂ ಫೋನಿನಲ್ಲಿ ಫೋಟೊ ತೆಗೆದೇ ಹಾಕಬೇಕಾಯಿತು. ಸರ್ಕಾರ ಎಲ್ಲವನ್ನೂ ಫೋನಿಗೆ ಕಟ್ಟಿದ ಮೇಲೂ ಸಿಗ್ನಲ್ ತರುವುದು ನಮ್ಮ ಕೆಲಸವಲ್ಲ ಎಂದು ಪಂಚಾಯ್ತಿ ಹೇಳಿದರೆ, ಬೋರ್‌ವೆಲ್ ಕೊರೆಸಿದ್ದೇವೆ, ಪಂಪು ಯಾರಾದರೂ ಇಳಿಸಿಕೊಳ್ಳಲಿ ಎಂದಂತೆ.

ಸಿಗ್ನಲ್ ಇಲ್ಲದ ಊರುಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಒಪ್ಪಿತು. ಲೆಕ್ಕದಲ್ಲಿದ್ದ ಹಳ್ಳಿಗಳು 24,680, ಕೆಲಸ ಬಿಎಸ್‌ಎನ್‌ಎಲ್‌ನದು. ಆದರೆ ಮಂಜೂರಾದ ಟವರ್ ಕೂಡ ಜಾಗ, ಕರೆಂಟು, ದಾರಿ ಈ ಮೂರರಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನ್ನೂ ಬಿಡಿಸಬಲ್ಲದ್ದು ಊರಿನ ಪಂಚಾಯ್ತಿಯೇ ಹೊರತು ದೆಹಲಿಯಲ್ಲ.

ಮೊದಲು ಅಳೆಯಬೇಕು. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಹೆಚ್ಚಿನ ಸೆಟ್ಟುಗಳಲ್ಲಿ ಸಿಗ್ನಲ್‌ನ ಬಲ ಹೇಳುವ ಡಿಬಿಎಂ ಅಂಕಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಮಾತು ತುಂಡಾಗುತ್ತದೆ, ಮೈನಸ್ 120ಕ್ಕೆ ಫೋನ್ ಸತ್ತಂತೆ. ಶಾಲೆ, ಅಂಗನವಾಡಿ, ಹಾಲಿನ ಡೇರಿ, ರೇಷನ್ ಅಂಗಡಿ, ಊರ ಕೊನೆಯ ಮನೆ, ಹೀಗೆ ಒಂದೊಂದು ಜಾಗದಲ್ಲೂ ಮನೆಯೊಳಗೆ ಒಂದು, ಹೊರಗೆ ಒಂದು ಅಂಕಿ ಬರೆದುಕೊಳ್ಳಬೇಕು. ಪ್ರತಿ ಕಂಪನಿಯ ಸಿಮ್ಮಿಗೂ ಬೇರೆ ಹಾಳೆ. ‘ನಮ್ಮೂರಿಗೆ ಸಿಗ್ನಲ್ ಇಲ್ಲ’ ಎಂಬ ನೂರು ಸಹಿಯ ಮನವಿಗಿಂತ ಈ ಹಾಳೆಗೆ ತೂಕ ಹೆಚ್ಚು.

ಆಮೇಲೆ ಜಾಗ. ನಲವತ್ತು ಮೀಟರಿನ ಟವರಿಗೆ ಎರಡು ಗುಂಟೆ ಸಾಕು. ಇಲ್ಲೇ ಪಂಚಾಯ್ತಿಗಳು ಎಡವುವುದು. ಖಾಲಿ ಕಂಡ ಗೋಮಾಳ ತೋರಿಸಿ ಠರಾವು ಮಾಡುತ್ತಾರೆ. ಗೋಮಾಳ ಕಂದಾಯ ಇಲಾಖೆಯದು, ಪಂಚಾಯ್ತಿಯದಲ್ಲ, ಹಾಗಾಗಿ ಕಡತ ತಹಶೀಲ್ದಾರ್ ಕಚೇರಿಯಲ್ಲಿ ಮಲಗುತ್ತದೆ. ಪಂಚಾಯ್ತಿ ಹೆಸರಿನಲ್ಲೇ ಖಾತೆ ಇರುವ, ಇ-ಸ್ವತ್ತಿನಲ್ಲಿ ದಾಖಲಾದ ಜಾಗವನ್ನೇ ಆರಿಸಬೇಕು. ಜಾಗ ಎತ್ತರದಲ್ಲಿರಬೇಕು, ಅಲ್ಲಿಂದ ಪಕ್ಕದ ಟವರ್ ನೇರ ಕಾಣಬೇಕು. ಫೈಬರ್ ಇಲ್ಲದ ಕಡೆ ಟವರಿಗೆ ಟವರ್ ಜೋಡಿಸುವ ಮೈಕ್ರೋವೇವ್ ಡಿಶ್‌ಗಳು ಒಂದನ್ನೊಂದು ನೋಡಿಕೊಂಡೇ ಕೆಲಸ ಮಾಡುವುದು. ನಡುವೆ ಗುಡ್ಡ ಬಂದರೆ ಮುಗಿಯಿತು, ನೀಲಗಿರಿ ತೋಪು ಬೆಳೆದು ಅಡ್ಡ ನಿಂತರೂ ಅಷ್ಟೇ.

ಕರೆಂಟಿನದೇ ದೊಡ್ಡ ಗಂಟು. ಜಾಗದ ಪಕ್ಕ ತಂತಿ ಕಂಡ ಕೂಡಲೇ ‘ಕರೆಂಟಿದೆ’ ಎಂದು ಬರೆದುಬಿಡುತ್ತಾರೆ. ಅದು ಪಂಪ್‌ಸೆಟ್ ಫೀಡರ್, ಅಂದರೆ ಪಂಪ್‌ಸೆಟ್‌ಗಳಿಗೆಂದೇ ಎಳೆದ ಲೈನು ಆಗಿದ್ದರೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ. ಟವರಿನ ಸಾಧನಗಳು ನಡೆಯುವುದು 48 ವೋಲ್ಟ್ ಡಿ.ಸಿ.ಯಲ್ಲಿ. ಲೋಡು ಎರಡು ಕಿಲೋವ್ಯಾಟ್ ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಸುಮಾರು 42 ಆಂಪಿಯರ್ ಎಳೆಯುತ್ತದೆ. 600 ಆಂಪಿಯರ್-ಅವರ್ ಬ್ಯಾಟರಿಯನ್ನು ನೂರಕ್ಕೆ ಎಂಬತ್ತರಷ್ಟು ಬಳಸಿದರೂ ಹೊಸದರಲ್ಲಿ ಬರುವುದು ಹನ್ನೊಂದು ಗಂಟೆ. ಉಳಿದ ಆರು ಗಂಟೆಗೆ ಜನರೇಟರ್. ಡೀಸೆಲ್ ಹಾಕುವವನು ಬಾರದ ದಿನ ಟವರ್ ನಿಂತಿರುತ್ತದೆ, ಸಿಗ್ನಲ್ ಇರುವುದಿಲ್ಲ. ಏಳು ಗಂಟೆಯಲ್ಲಿ ಅಂಥ ಬ್ಯಾಟರಿ ಪೂರ್ತಿ ತುಂಬುವುದೂ ಕಷ್ಟ. ಅರೆಬರೆ ತುಂಬಿದ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಆದ್ದರಿಂದ ಊರಿನ ಮನೆಗಳಿಗೆ ದಿನವಿಡೀ ಕರೆಂಟು ಕೊಡಲೆಂದು ಎಳೆದ ನಿರಂತರ ಜ್ಯೋತಿ ಫೀಡರಿನಿಂದಲೇ ಸಂಪರ್ಕ ಬೇಕೆಂದು ವಿದ್ಯುತ್ ಕಂಪನಿ ಸೆಸ್ಕ್‌ಗೆ ಕೊಡುವ ಅರ್ಜಿಯಲ್ಲೇ ಬರೆಯಬೇಕು. ಕಂಬ ಎಷ್ಟು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಎಲ್ಲಿ ಎಂಬುದನ್ನು ಲೈನ್‌ಮನ್ ಜತೆ ನಡೆದು ನೋಡಿ ಸೇರಿಸಬೇಕು.

ಪಾಯ ನೆಲ ನೋಡಿಕೊಂಡು ಹಾಕಬೇಕು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆ ಸೀಮೆಯಲ್ಲಿ ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಎರಡು ಮೀಟರ್ ಅಗೆಯುವಷ್ಟರಲ್ಲಿ ಗುಂಡಿ ತುಂಬುತ್ತದೆ. ಆ ನೀರಿನಲ್ಲೇ ಕಾಂಕ್ರೀಟ್ ಸುರಿದರೆ ಸಿಮೆಂಟ್ ತೊಳೆದುಹೋಗುತ್ತದೆ. ನಾಲೆ ನಿಂತ ಮೇಲೆ ಕೆಲಸ ಹಿಡಿಯಬೇಕು, ಇಲ್ಲವೇ ಪಂಪಿಟ್ಟು ಒಣಗಿಸಿಕೊಂಡೇ ಹಾಕಬೇಕು.

ವಿಕಿರಣದ ಮಾತು ಬಂದರೆ ಕೆಲವರು ಟವರ್ ಎದ್ದ ಮರುದಿನವೇ ಊರಿಗೆ ಊರೇ ಹಾಸಿಗೆ ಹಿಡಿಯುತ್ತದೆ ಎಂಬಂತೆ ಮಾತಾಡುತ್ತಾರೆ. ಭಾರತ 2012ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ತಂದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು. 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಆಂಟೆನಾದ ಕಿರಣ ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತದೆ, ಬುಡಕ್ಕೆ ಬೀಳುವುದು ಅಲ್ಪ. ನಿಜಕ್ಕೂ ತಲೆಗೆ ಅಂಟಿಕೊಂಡಿರುವುದು ಫೋನು. ಸಿಗ್ನಲ್ ಕ್ಷೀಣವಾದಷ್ಟೂ ಅದು ತನ್ನ ಶಕ್ತಿ ಏರಿಸಿಕೊಂಡು ಕೂಗುತ್ತದೆ. ಟವರ್ ಹತ್ತಿರವಿದ್ದರೆ ಫೋನ್ ಮೆಲ್ಲಗೆ ಮಾತಾಡುತ್ತದೆ.

ಕಂಪನಿ ನಾಳೆ ಬಿಟ್ಟು ಹೋದರೆ ಎಂದು ಕೇಳುವವರಿದ್ದಾರೆ. ಬಸ್ಸು ನಿಂತುಹೋದೀತೆಂದು ಯಾವ ಊರೂ ರಸ್ತೆ ಬೇಡ ಎನ್ನಲಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದಾಗ 108ಕ್ಕೆ ಕರೆ ಹೋಗಬೇಕು. ಅದಕ್ಕೆ ಬೇಕಾದ ಎರಡು ಗುಂಟೆ ಪಂಚಾಯ್ತಿ ಹತ್ತಿರವೇ ಇದೆ.

ವಿರೋಧ: ಓಡಾಟ ಪಂಚಾಯ್ತಿಯದು, ಒಡೆತನ ಕಂಪನಿಯದು

ಸಿಗ್ನಲ್ ಬೇಕೆಂಬುದರಲ್ಲಿ ತಕರಾರಿಲ್ಲ. ಅದಕ್ಕಾಗಿ ಪಂಚಾಯ್ತಿ ಮುಂದಾಳಾಗುವುದು ಬೇಡ ಎಂಬಷ್ಟಕ್ಕೆ ಈ ಬದಿಯಲ್ಲಿ ನಿಂತು ಬರೆಯುತ್ತಿದ್ದೇನೆ.

ದೂರವಾಣಿ, ನಿಸ್ತಂತು ಎರಡೂ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 31ನೇ ವಿಷಯ. ಪಂಚಾಯ್ತಿಗಳಿಗೆಂದು ಹನ್ನೊಂದನೇ ಅನುಸೂಚಿ ಕೊಟ್ಟ 29 ವಿಷಯಗಳಲ್ಲಿ ಕುಡಿಯುವ ನೀರಿದೆ, ರಸ್ತೆಯಿದೆ, ಮೊಬೈಲ್ ಇಲ್ಲ. ಹಳ್ಳಿಗೆ ಸಂಪರ್ಕ ಕೊಡಲೆಂದೇ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಷ್ಟನ್ನು ಕೇಂದ್ರ ವಸೂಲು ಮಾಡುತ್ತದೆ. ಈಗ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಪಡೆದಿರುವ ನಿಧಿ ಅದೇ. ಹೀಗಿರುವಾಗ ಜಾಗ ಪಂಚಾಯ್ತಿಯದು, ಕಂಬ ಪಂಚಾಯ್ತಿಯದು, ದಾರಿಗೆ ಜಲ್ಲಿ ಪಂಚಾಯ್ತಿಯದು ಎಂದರೆ ಚರಂಡಿಯ ಹಣ ಟವರಿಗೆ ಹರಿಯುತ್ತದೆ.

ಒಪ್ಪಂದದ ಕಾಗದವನ್ನು ಪೂರ್ತಿ ಓದುವವರು ಕಡಿಮೆ. ಹದಿನೈದು ಇಪ್ಪತ್ತು ವರ್ಷಕ್ಕೆ ಬರೆಸಿಕೊಳ್ಳುತ್ತಾರೆ, ನಡುವೆ ಬಿಟ್ಟು ಹೋಗುವ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಮಾತ್ರ. ಮೊಬೈಲ್ ಕಂಪನಿ ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿದ್ದನ್ನು ನೆನೆದರೆ ಇದು ಬರೀ ಊಹೆಯಲ್ಲ ಎಂದು ತಿಳಿಯುತ್ತದೆ. ಟವರಿನ ಮೇಲೆ ಸ್ವತ್ತಿನ ತೆರಿಗೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತ್ತು. ತಾನೇ ಅಂಗಲಾಚಿ ಕರೆತಂದ ಕಂಪನಿಗೆ ಪಂಚಾಯ್ತಿ ಯಾವ ಬಾಯಲ್ಲಿ ತೆರಿಗೆ ನೋಟಿಸು ಕೊಡುತ್ತದೆ?

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2)ರಲ್ಲಿ ಗ್ರಾಮ ಸಭೆಯ ಶಿಫಾರಸಿನ ಮೇಲೆ ಹದಿಮೂರು ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿ ಬಿಡಬಹುದು. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರುವಂತಿಲ್ಲ, ಸರ್ಕಾರವೇ ನಡೆಸುವ ಸೌಲಭ್ಯ ಆಗಿರಬೇಕು. ಪಟ್ಟಿಯಲ್ಲಿ ವಿದ್ಯುತ್ ಮತ್ತು ದೂರಸಂಪರ್ಕದ ತಂತಿ ಇದೆ, ಟವರ್ ಎಂಬ ಪದವಿಲ್ಲ. ಖಾಸಗಿ ಕಂಪನಿಯ ಟವರಿಗೆ ಈ ಸೆಕ್ಷನ್ ತೋರಿಸಿ ಠರಾವು ಮಾಡಿದರೆ ಕಡತ ಬಿದ್ದುಹೋಗುತ್ತದೆ. ಆದರೆ ಹಾಡಿಯ (ಕಾಡಂಚಿನ ಬುಡಕಟ್ಟು ವಸತಿಯ) ಜನಕ್ಕೆ ಕೊಟ್ಟ ಭರವಸೆ ಹಾಗೇ ಉಳಿಯುತ್ತದೆ.

ಪಂಚಾಯ್ತಿ ಕೈಯಲ್ಲೇ ಇರುವುದನ್ನು ಮೊದಲು ಸರಿಮಾಡಲಿ. ಪಂಚಾಯ್ತಿಗಳಿಗೆ ಇಂಟರ್ನೆಟ್ ಕೊಡುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರ್ ಬಂದ ಪಂಚಾಯ್ತಿ ಕಚೇರಿಯಲ್ಲಿ ಬೀಗ ಹಾಕಿದ ಕೂಡಲೇ ಮೇನ್ ಸ್ವಿಚ್ ಆರಿಸುವ ರೂಢಿಯಿದ್ದರೆ ಫೈಬರಿನ ಪೆಟ್ಟಿಗೆಯೂ ಆರುತ್ತದೆ. ಅದಕ್ಕೊಂದು ಬೇರೆ ಪ್ಲಗ್ಗು, ಒಂದು ಯುಪಿಎಸ್, ಹೊರಗೋಡೆಗೆ ಒಂದು ವೈಫೈ ಸಾಧನ ಹಾಕಿದರೆ ಸಾಕು. ಈಗಿನ ಹೆಚ್ಚಿನ ಫೋನುಗಳಲ್ಲಿ ವೈಫೈ ಕಾಲಿಂಗ್ ಇದೆ, ಕಂಪನಿಯ ಸಿಗ್ನಲ್ ಇಲ್ಲದೆಯೂ ಕರೆ ಹೋಗುತ್ತದೆ. ನೀರಿನ ಪೈಪಿಗೆಂದು ಜೆಸಿಬಿ ಬರುವಾಗ ಫೈಬರ್ ಎಲ್ಲಿ ಹಾದಿದೆ ಎಂದು ಗುರುತು ಹಾಕಿಸಿದರೆ ತಿಂಗಳುಗಟ್ಟಲೆ ಸಂಪರ್ಕ ಕಡಿಯುವುದು ತಪ್ಪುತ್ತದೆ. ಆನ್‌ಲೈನಿನಲ್ಲಿ ಸಿಗುವ ಅನಧಿಕೃತ ಬೂಸ್ಟರುಗಳನ್ನು ತೆಗೆಸುವುದೂ ಅಷ್ಟೇ ಮುಖ್ಯ. ಒಬ್ಬರ ಮನೆಗೆ ಸಿಗ್ನಲ್ ತಂದು ಸುತ್ತಲಿನವರದನ್ನು ಕೆಡಿಸುತ್ತವೆ, ಕಾನೂನಿನಲ್ಲೂ ಅವಕ್ಕೆ ಅನುಮತಿ ಇಲ್ಲ.

ಇಷ್ಟಾದ ಮೇಲೂ ಟವರ್ ಬೇಕೇ ಬೇಕೆಂದರೆ ಕಂಪನಿಯೇ ಅರ್ಜಿ ಹಿಡಿದು ಬರಲಿ. ಬಂದ ದಿನ ಪಿಡಿಒ ಬರೆಸಿಕೊಳ್ಳಬೇಕಾದ ಮಾತುಗಳಿವೆ. ಇನ್ನೊಂದು ಕಂಪನಿಯ ಆಂಟೆನಾಕ್ಕೂ ಅದೇ ಟವರಿನಲ್ಲಿ ಜಾಗ ಕೊಡಬೇಕು. ವರ್ಷದ ತೆರಿಗೆ ಬಾಕಿ ಉಳಿಸಬಾರದು. ಸೇವೆ ನಿಂತ ಮೇಲೆ ಇಂತಿಷ್ಟು ತಿಂಗಳಲ್ಲಿ ಕಬ್ಬಿಣ ಬಿಚ್ಚಿ, ಪಾಯ ಒಡೆದು, ಜಾಗ ಇದ್ದಂತೆ ಬಿಟ್ಟುಕೊಡಬೇಕು, ಅದಕ್ಕೆ ಮುಂಗಡ ಠೇವಣಿ ಇಡಬೇಕು.