ಗುಳೆ ಹೋದವಳಿಗೂ ವರದಿ ತಲುಪಬೇಕು

ಕಳೆದ ವರ್ಷ ಮೆಲ್ಬರ್ನ್‌ನ ಚಿಕಿತ್ಸಾಲಯವೊಂದರಲ್ಲಿ, ಪರದೆಯ ಹಿಂದೆ ನಿಂತು, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾದರಿಯನ್ನು ನಾನೇ ತೆಗೆದುಕೊಟ್ಟೆ. ಹತ್ತಿಕಡ್ಡಿಯನ್ನು ಯೋನಿಯೊಳಗೆ ಸ್ವಲ್ಪ ದೂರ ಸೇರಿಸಿ, ಅರ್ಧ ನಿಮಿಷ ತಿರುಗಿಸಿ, ಕೊಳವೆಗೆ ಹಾಕಿದರೆ ಮುಗಿಯಿತು. ಆಸ್ಟ್ರೇಲಿಯಾ 2017ರ ಡಿಸೆಂಬರ್‌ನಲ್ಲಿ ಗರ್ಭಕಂಠದ ಕೋಶಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ, ಎರಡು ವರ್ಷಕ್ಕೊಮ್ಮೆಯ ಪ್ಯಾಪ್ ಸ್ಮಿಯರ್ ಕೈಬಿಟ್ಟು, ಐದು ವರ್ಷಕ್ಕೊಮ್ಮೆ ಮಾಡುವ, ಈ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಜಾರಿಗೆ ತಂದಿತು. ಸ್ವತಃ ಮಾದರಿ ತೆಗೆದುಕೊಳ್ಳುವ ಅವಕಾಶ 2022ರ ಜುಲೈಯಿಂದ ತಪಾಸಣೆಯ ವಯಸ್ಸಿನ ಎಲ್ಲರಿಗೂ ದೊರೆಯಿತು.

ಆ ದಿನ ನನಗೆ ನೆನಪಾದವರು ಇಂಡಿ ತಾಲ್ಲೂಕಿನ ನಮ್ಮೂರಿನಲ್ಲಿರುವ ವೈನಿ, ಅಂದರೆ ಅತ್ತಿಗೆ. ಶಿಬಿರವೊಂದರಲ್ಲಿ ಅವರ ಪ್ಯಾಪ್ ಸ್ಮಿಯರ್ ತೆಗೆದಿದ್ದರು. ಗಾಜಿನ ಮೇಲೆ ಸವರಿದ ಕೋಶಗಳನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದದಿದ್ದರೆ ಅವು ಒಣಗಿ, ಸೂಕ್ಷ್ಮದರ್ಶಕದಲ್ಲಿ ಓದಲು ಬರುವುದಿಲ್ಲ. ಮಾದರಿ ಸರಿಯಾಗಿಲ್ಲ, ಮತ್ತೆ ಬರಬೇಕು ಎಂಬ ವರದಿ ಊರು ಮುಟ್ಟುವಷ್ಟರಲ್ಲಿ ವೈನಿ ಕಬ್ಬು ಕಡಿಯಲು ಗುಳೆ ಹೋಗಿದ್ದರು.

ಹೀಗಾಗಿ, ನಮ್ಮ ವಿಜಯಪುರ ಜಿಲ್ಲೆಗೆ ಯಾವ ವಿಧಾನ ಒಪ್ಪುತ್ತದೆ ಎಂದು ನೋಡುವಾಗ, ಅದು ಹೆಣ್ಣುಮಗಳನ್ನು ಎಷ್ಟು ಸಲ ಆಸ್ಪತ್ರೆಗೆ ಅಲೆದಾಡಿಸುತ್ತದೆ ಎಂಬುದನ್ನೇ ನಾನು ಮೊದಲು ಕೇಳುತ್ತೇನೆ. ದ್ರವದಲ್ಲಿ ಕೋಶಗಳನ್ನು ಕಾಪಿಡುವ ಹೊಸ ಕ್ರಮದಲ್ಲಿ ಕೆಡುವ ಮಾದರಿಗಳು ಕಡಿಮೆ, ಆದರೆ ಅಲೆದಾಟ ಮೊದಲಿನಷ್ಟೇ. ನಮ್ಮ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65 ವರ್ಷದವರಿಗೆ ಹೇಳಿದ್ದು ಅಸಿಟಿಕ್ ಆಮ್ಲದ ಪರೀಕ್ಷೆಯನ್ನು. ಶೇಕಡಾ 3ರಿಂದ 5ರ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಮೂಡಿತೇ ಎಂದು ಕಣ್ಣಾರೆ ನೋಡುವ ಈ ಪರೀಕ್ಷೆ ಅಗ್ಗ, ಉತ್ತರವೂ ಅಲ್ಲೇ ಸಿಗುತ್ತದೆ. ಆದರೆ ಉರಿಯೂತವಿದ್ದರೂ ಬಿಳುಪು ಕಾಣಿಸಬಹುದು. ಮುಟ್ಟು ನಿಂತವರಲ್ಲಿ ಕೋಶಗಳು ಬದಲಾಗುವ ಅಂಚು ಗರ್ಭಕಂಠದೊಳಕ್ಕೆ ಸರಿದಿರುವುದರಿಂದ ಎಷ್ಟೋ ಸಲ ಏನೂ ಕಾಣುವುದಿಲ್ಲ. ನೋಡುವವರ ತರಬೇತಿಯ ಮೇಲೆಯೇ ಎಲ್ಲವೂ ನಿಂತಿದೆ.

ಎಚ್‌ಪಿವಿ ಪರೀಕ್ಷೆ ಪರದೇಶಕ್ಕಷ್ಟೇ ಸರಿ ಎನ್ನುವವರಿಗೆ ನಾನು ಸೋಲಾಪುರದ ಆಚೆಗಿನ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯನ್ನು ತೋರಿಸುತ್ತೇನೆ. ಅಲ್ಲಿ 30ರಿಂದ 59 ವರ್ಷದ 1.3 ಲಕ್ಷ ಹಳ್ಳಿಯ ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಸ್ಮಿಯರ್‌ನಿಂದಾಗಲಿ ಆಮ್ಲದ ಪರೀಕ್ಷೆಯಿಂದಾಗಲಿ ಅಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ನಮ್ಮಂಥದೇ ಜೋಳದ ಸೀಮೆಯ ಹೆಣ್ಣುಮಕ್ಕಳು ಅವರು.

ಆದರೂ ಕಡ್ಡಿಯಿಂದ ತಿಳಿಯುವುದು ವೈರಾಣು ಇದೆಯೇ ಇಲ್ಲವೇ ಎಂಬುದಷ್ಟೇ. ಬಹುತೇಕರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದವರಲ್ಲಿ ಕೋಶಗಳು ಎಷ್ಟು ಬದಲಾಗಿವೆ ಎಂದು ಖಚಿತವಾಗಿ ಹೇಳುವುದು ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾತ್ರ. ಕಾಲ್ಪೋಸ್ಕೋಪ್ ಎಂಬ ಭೂತಗನ್ನಡಿಯಂಥ ಉಪಕರಣದಲ್ಲಿ ಗರ್ಭಕಂಠವನ್ನು ದೊಡ್ಡದಾಗಿ ನೋಡುತ್ತ, ಅನುಮಾನ ಬಂದ ಕಡೆಯಿಂದ ಒಂದಲ್ಲ, ಎರಡು ಮೂರು ತುಣುಕು ತೆಗೆಯುವುದು ಒಳ್ಳೆಯದು. ಅಂಚು ಒಳಗಿದ್ದರೆ ಗರ್ಭಕಂಠದ ನಾಳವನ್ನೂ ಕೆರೆದು ಕಳಿಸಬೇಕು. ಈ ಹೆಜ್ಜೆಯನ್ನು ಬಿಟ್ಟು, ಬಿಳಿಸೆರಗು ಎಂದೊಡನೆ ಗರ್ಭಚೀಲವನ್ನೇ ತೆಗೆಸಿಬಿಡುವ ರೂಢಿ ನನಗೆ ತುಂಬ ನೋವು ಕೊಡುತ್ತದೆ, ಏಕೆಂದರೆ ಕ್ಯಾನ್ಸರಿಗೆ ಮುಂಚಿನ ತೀವ್ರ ಬದಲಾವಣೆಯನ್ನೂ ಸಾಮಾನ್ಯವಾಗಿ ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ಗುಣಪಡಿಸಬಹುದು.

ಆದ್ದರಿಂದ ಸುಗ್ಗಿಯ ಗುಳೆ ಶುರುವಾಗುವ ಮುನ್ನವೇ ಆಶಾ ಕಾರ್ಯಕರ್ತೆಯರು ಮನೆಗೆ ಕಡ್ಡಿ ತಲುಪಿಸಲಿ, ವೈರಾಣು ಕಂಡವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲ್ಪೋಸ್ಕೋಪಿ ಮತ್ತು ಬಯಾಪ್ಸಿ ಒಂದೇ ದಿನ ಆಗಲಿ ಎಂಬುದು ನನ್ನ ಬೇಡಿಕೆ.

ಮೊನ್ನೆ ಫೋನಿನಲ್ಲಿ ವೈನಿ ಕೇಳಿದರು: ‘ತುಣುಕು ತಗದ್ರ ಚೀಲಕ್ಕೇನರ ಆಗ್ತೈತೇನವ್ವ?’ ಅದು ಕೆಲವೇ ಮಿಲಿಮೀಟರಿನ ತುಣುಕು, ಒಮ್ಮೆ ಚಿವುಟಿದಂತಾಗುತ್ತದೆ, ನಾಲ್ಕಾರು ದಿನ ತುಸು ರಕ್ತ ಕಾಣಿಸಿ ನಿಲ್ಲುತ್ತದೆ, ಚೀಲಕ್ಕೆ ಏನೂ ಆಗುವುದಿಲ್ಲ ಎಂದೆ. ದಸರೆಗಿಂತ ಮೊದಲು ವಿಜಯಪುರಕ್ಕೆ ಹೋಗಿ ತೋರಿಸುವುದಾಗಿ ಅವರು ಒಪ್ಪಿದ್ದಾರೆ.